ಕಡ್ಡಿಯವರ ‘ಬಿಡು’

ನಮ್ಮವರು ಏನು ಕೆಲಸ ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು "ಎಣ್ಣೆ ನೋಡ್ತಾರೆ" ಎಂದುಬಿಡುತ್ತಿದ್ದೆ. ಕೇಳಿದವರ ಮುಖ ನೋಡಬೇಕಿತ್ತು. ಪಕ್ಕದ ಮನೆಯಾಕೆ "ಬೆಳಗ್ಗೆ ಬೆಳಗ್ಗೇನೇನಾ?" ಎಂದು ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಆ ಎಣ್ಣೆ ಅಲ್ಲ ತಾಯಿ, ಕಾರಿನ ಎಂಜಿನ್ನಿಗೆ ಹಾಕುವ ಎಣ್ಣೆ, ನೀನಂದುಕೊಂಡ ಎಣ್ಣೆಯನ್ನು ಅವರು ಜನ್ಮದಲ್ಲಿ ಮುಟ್ಟಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗಿತ್ತು. ಅವರ ಬಾಯಲ್ಲಿ ಅದು ‘ಆಯಿಲ್’. ಬಟ್ಟೆ ಒಗೆಯುವವಳು ನಾನು, ನನಗೆ ಅದು ಎಣ್ಣೆಯೇ. ನನಗೂ ಅವರ ಕಸುಬಿಗೂ ಮೊದಲಿನಿಂದ ಎಣ್ಣೆ ಸೀಗೇಕಾಯಿ ಸಂಬಂಧ.

ಹಳೆಯ ಕಾರು ಕೊಳ್ಳುವವರು ಮಾತು ಮುಗಿಸುವ ಮೊದಲು ಇವರನ್ನು ಕರೆದುಕೊಂಡು ಹೋಗುತ್ತಾರೆ. ಎಷ್ಟೋ ಕೈ ಬದಲಾಗಿ, ಮೀಟರಿನ ಅಂಕಿಯನ್ನು ಮಾರುವವನೇ ನಂಬದಷ್ಟು ಓಡಿ ಸುಸ್ತಾದ ಕಾರುಗಳು. ವಯಸ್ಸಿನಲ್ಲಿ ಇವರು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಕಾರಿನಡಿ ಮಲಗಿ ಮಲಗಿ ಬೆನ್ನು ಕೈಕೊಟ್ಟಿತು. ಆಮೇಲೆ ಹಿಡಿದದ್ದು ಈ ಕೆಲಸ. ಇದರಲ್ಲಿ ಮಲಗುವುದಿಲ್ಲ, ಬಗ್ಗಿದರೆ ಸಾಕು. ಬಗ್ಗುವುದಕ್ಕೂ ಈಗ ಅಯ್ಯೋ ಅಮ್ಮಾ ಎನ್ನುತ್ತಾರೆ, ಆ ಮಾತು ಬೇರೆ.

ಕಾರನ್ನು ಸಮನೆಲದಲ್ಲಿ ನಿಲ್ಲಿಸಬೇಕು. ಎಂಜಿನ್ ಸ್ವಲ್ಪ ಹೊತ್ತು ಓಡಿ, ನಿಂತು, ಎಣ್ಣೆಯೆಲ್ಲ ಕೆಳಗಿಳಿಯಬೇಕು. ಆಮೇಲೆ ಎಣ್ಣೆ ಅಳೆಯುವ ಉದ್ದನೆಯ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಒಳಗೆ ಬಿಟ್ಟು, ಮತ್ತೆ ಎಳೆಯಬೇಕು. ಎರಡನೇ ಸಲ ಬಂದದ್ದೇ ಲೆಕ್ಕ. ಎಣ್ಣೆ ಎಲ್ಲಿಯವರೆಗಿದೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ಮರಳಿನ ಹಾಗೆ ಏನಾದರೂ ಸಿಗುತ್ತದೆಯೇ ಎಂದು ನೋಡುತ್ತಾರೆ, ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಅದು ಹೇಗೆ ಹರಡುತ್ತದೆ ಎಂದು ಕಾಯುತ್ತಾರೆ. ಕೊನೆಗೆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾರೆ. ಆ ಹೊತ್ತಿನಲ್ಲಿ ಕೊಳ್ಳುವವನು, ಮಾರುವವನು ಇಬ್ಬರೂ ಉಸಿರು ಬಿಗಿಹಿಡಿಯುತ್ತಾರೆ. ಆ ಬಿಳಿ ಬಟ್ಟೆ ನನ್ನ ಹಳೆಯ ಬಟ್ಟೆಗಳಿಂದಲೇ ಹರಿದದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಕೆಲವು ಅಷ್ಟೊಂದು ಹಳೆಯವೂ ಆಗಿರಲಿಲ್ಲ.

"ಪೇಂಟ್ ಹೊಡೀಬಹುದು, ಸೀಟಿಗೆ ಹೊಸ ಕವರ್ ಹಾಕಬಹುದು, ಮೀಟರ್ ತಿರುಗಿಸಬಹುದು. ಆಯಿಲ್ ಮಾತ್ರ ಒಳಗೆ ನಡೆದಿದ್ದನ್ನ ಹಾಗೇ ತಂದು ಕೊಡುತ್ತೆ" ಎಂದು ಹೇಳುತ್ತಿದ್ದರು. ಎಣ್ಣೆ ಕಪ್ಪಾಗಿದ್ದರೆ ಅವರಿಗೆ ಹೆದರಿಕೆ ಇಲ್ಲ, ಓಡಿದ ಗಾಡಿಯ ಎಣ್ಣೆ ಕಪ್ಪಗೇ ಇರಬೇಕು. ಅಷ್ಟು ಓಡಿದ ಗಾಡಿಯಲ್ಲಿ ಎಣ್ಣೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿದ್ದರೆ ಮಾತ್ರ ಹುಬ್ಬು ಮೇಲೇರುತ್ತಿತ್ತು. ಯಾರೋ ನಿನ್ನೆ ಮೊನ್ನೆ ಬದಲಾಯಿಸಿದ್ದಾರೆ, ಏನನ್ನೋ ತೊಳೆದಿದ್ದಾರೆ. ಅಲ್ಲಿ ಕಣ್ಣು, ಬೆರಳು ಎರಡೂ ಸೋಲುತ್ತವೆ. ಅಲ್ಲಿ ಕೆಲಸ ಮಾಡುವುದು ಮೂಗು ಒಂದೇ.

ಅವರ ತೀರ್ಪು ಎರಡೇ: "ತಗೊಳ್ಳಿ", ಇಲ್ಲವೇ "ಬಿಡಿ". ವಿವರ ಕೇಳಿದರೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಕೈಯಲ್ಲಿ ಕಡ್ಡಿ, ಮಾತು ಕಡ್ಡಿ ಮುರಿದ ಹಾಗೆ. ಹಾಗಾಗಿ ಕಾರು ಮಾರುವ ಅಂಗಳಗಳಲ್ಲಿ ಅವರ ಹೆಸರು ‘ಕಡ್ಡಿ’ ಎಂದೇ ಆಯಿತು. ಗೌರವ ಇದ್ದವರು ‘ಕಡ್ಡಿಯವರು’ ಎನ್ನುತ್ತಾರೆ. ಮನೆಯಲ್ಲೂ ಆ ಬುದ್ಧಿ ಬಿಡಲಿಲ್ಲ. ಅಕ್ಕಿ ಡಬ್ಬಿಯಲ್ಲಿ ಎಷ್ಟಿದೆ ಎಂದು ಕೇಳಿದರೆ ಚಮಚದ ಹಿಡಿಯನ್ನು ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡಿ ಹೇಳುತ್ತಿದ್ದರು.

ಈ ‘ಬಿಡು’ ಎಂಬ ಮಾತು ಎಂಥ ಮಾತು ನೋಡಿ. ಒಂಟಿಯಾಗಿ ನಿಂತರೆ ಬೇಡ ಎನ್ನುತ್ತದೆ. ಇನ್ನೊಂದು ಮಾತಿನ ಬಾಲಕ್ಕೆ ಸೇರಿಕೊಂಡರೆ ಯೋಚನೆ ಮಾಡಬೇಡ, ಅದಕ್ಕೆ ನಾನು ಜವಾಬ್ದಾರಿ ಎನ್ನುತ್ತದೆ. ನಮ್ಮ ಮದುವೆಗೆ ಮೊದಲು ಇವರು ನನ್ನನ್ನು ಕಂಡು ಮನೆಗೆ ಹೋದ ದಿನ ಅವರ ಅಮ್ಮ "ಹುಡುಗಿ ಹೇಗಿದ್ದಾಳೋ?" ಎಂದು ಕೇಳಿದರಂತೆ. ಇವರು "ಚೆನ್ನಾಗಿದ್ದಾಳೆ. ಬಿಡು" ಎಂದು ಮಾತನ್ನು ತುಂಡು ಮಾಡಿ ಎದ್ದು ಹೋದರಂತೆ. ಮನೆಯವರೆಲ್ಲ ಚೆನ್ನಾಗಿದ್ದರೂ ಬೇಡವಂತೆ ಎಂದು ತಿಳಿದು ಸಪ್ಪೆ ಮುಖ ಹಾಕಿಕೊಂಡು ಕೂತರು. ಆಗ ಚಿಕ್ಕವಳಾಗಿದ್ದ ಅವರ ತಂಗಿ ಹಿಂದೆಯೇ ಓಡಿಹೋಗಿ "ಯಾವ ಬಿಡು ಅಣ್ಣ?" ಎಂದು ಕೇಳಿದಳು. ಇವರ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳು ವಾಪಸ್ ಬಂದು "ಬೇಕು ಅನ್ನೋ ಬಿಡು" ಎಂದು ಸಾರಿದಳಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರು ‘ಬಿಡು’ ಎಂದರೂ ಇನ್ನೊಬ್ಬರು "ಯಾವ ಬಿಡು?" ಎಂದು ಕೇಳುವುದು ರೂಢಿ. ನಮ್ಮ ಸಂಸಾರ ನಿಂತಿರುವುದೇ ಆ ಪ್ರಶ್ನೆಯ ಮೇಲೆ ಎಂದು ನಾದಿನಿ ಈಗಲೂ ಜಂಬ ಕೊಚ್ಚಿಕೊಳ್ಳುತ್ತಾಳೆ.

ಹೋದ ಚಳಿಗಾಲದಲ್ಲಿ ಇವರಿಗೆ ಜ್ವರ ಬಂತು. ನೆಗಡಿ, ಕೆಮ್ಮು, ಎಲ್ಲರಿಗೂ ಬರುವಂಥದ್ದೇ. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು. ಒಂದು ದಿನ ಒಲೆಯ ಮೇಲೆ ಹಾಲಿಟ್ಟು "ನೋಡ್ಕೊಳ್ಳಿ" ಎಂದು ಹೇಳಿ ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ಮೆಟ್ಟಿಲಿಳಿಯುವಾಗಲೇ ಸೀದ ವಾಸನೆ ಬೀದಿಗೆಲ್ಲ ಹಬ್ಬಿತ್ತು. ಒಳಗೆ ಬಂದರೆ ಹಾಲು ಬತ್ತಿ ಪಾತ್ರೆ ಕರಿಕಾಗಿದೆ, ಇವರು ಒಲೆಗೆ ಬೆನ್ನು ಮಾಡಿ ಆರಾಮಾಗಿ ಪೇಪರ್ ಓದುತ್ತಿದ್ದಾರೆ.

"ರೀ, ಮೂಗಿಗೆ ಏನು ಬಡಿದಿದೆ ನಿಮಗೆ?" ಎಂದು ಕೂಗಿದೆ.

ಅವರು ತಿರುಗಿ ಪಾತ್ರೆ ನೋಡಿದರು. ಎದ್ದು ಬಂದು ಅದರೊಳಗೆ ಮುಖ ಇಟ್ಟು ಉಸಿರೆಳೆದರು. ಇನ್ನೊಮ್ಮೆ ಎಳೆದರು. ನಾನು ಬೈಯುವುದನ್ನು ನಿಲ್ಲಿಸಿದೆ.

ವೈದ್ಯರು ವಾಸನೆ ಹಿಡಿಯುವ ಶಕ್ತಿ ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು. ಕಾಯಬೇಕು ಎಂದರು. ಇವರು ಹೊರಗೆ ಬಂದವರೇ "ಯಾರಿಗೂ ಹೇಳ್ಬೇಡ" ಎಂದರು. ನಾನು ಹೇಳಲಿಲ್ಲ. ಅವರು ಎಂದಿನಂತೆ ಕೆಲಸಕ್ಕೆ ಹೋದರು, ಎಂದಿನಂತೆ ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಸ್ವಲ್ಪ ಅನುಮಾನ ಬಂದರೂ "ಬಿಡಿ" ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಒಳ್ಳೆಯ ಗಾಡಿ ತಪ್ಪಿಸಿದರೆ ಯಾರ ಗಂಟೂ ಹೋಗುವುದಿಲ್ಲ, ಕೆಟ್ಟದ್ದನ್ನು ತಗುಲಿಹಾಕಬಾರದು ಎಂಬುದು ಅವರ ಸಮಾಧಾನ. ಆದರೆ ಸಂಜೆ ಬಂದು ಕುರ್ಚಿಯಲ್ಲಿ ಕೂತರೆ ಚಪ್ಪಲಿ ಬಿಚ್ಚಲೂ ಅವರಿಗೆ ಶಕ್ತಿ ಇರುತ್ತಿರಲಿಲ್ಲ. ಕೆಲಸದ ದಣಿವು ನನಗೆ ಗೊತ್ತು, ಎಷ್ಟೋ ವರ್ಷ ನೋಡಿದ್ದೇನೆ. ಇದು ದಿನವಿಡೀ ನಾಟಕ ಆಡಿದವರ ದಣಿವು.

ಅಷ್ಟರಲ್ಲಿ ನಾದಿನಿಯ ಕಾರು ಕೈಯೆತ್ತಿತು. ಅವಳು ಮಕ್ಕಳನ್ನು ಶಾಲೆಗೆ ಬಿಟ್ಟು, ಮತ್ತೆ ಮನೆಗೆ ತರುವ ಕೆಲಸ ಮಾಡುತ್ತಾಳೆ. ಅವಳ ಗಂಡ ಸೊಂಟಕ್ಕೆ ಪೆಟ್ಟಾಗಿ ಮನೆಯಲ್ಲಿ ಕೂತ ಮೇಲೆ ಆ ಕಾರೇ ಮನೆ ನಡೆಸುತ್ತಿತ್ತು. ಹಳೆಯದು ಇನ್ನು ರಿಪೇರಿಗೆ ಬರುವುದಿಲ್ಲ, ಹೊಸದನ್ನು ಕೊಳ್ಳುವ ಮಾತೇ ಇಲ್ಲ. ಓಡಿದ್ದೇ ಆದರೂ ಗಟ್ಟಿಯಾದದ್ದೊಂದು ಬೇಕಿತ್ತು. ದೊಡ್ಡ ರಸ್ತೆಯಲ್ಲಿ, ಹಿಂದೆ ಮುಂದೆ ಲಾರಿಗಳ ನಡುವೆ, ಪರರ ಮಕ್ಕಳನ್ನು ತುಂಬಿಕೊಂಡು ಎಂಜಿನ್ ನಿಂತರೆ ಗತಿ ಏನು? ಅವಳಿಗೆ ಅದೊಂದೇ ಭಯ. "ಅಣ್ಣ ನೋಡಿ ತಗೋ ಅಂದ್ರೆ ಕಣ್ಣು ಮುಚ್ಕೊಂಡು ತಗೋತೀನಿ" ಎಂದಳು.

ಅಣ್ಣ ನೋಡಿದರು. ಒಂದು ಬಿಡು ಎಂದರು. ಇನ್ನೊಂದು ಬಿಡು ಎಂದರು. ಮತ್ತೊಂದಕ್ಕೂ ಅದೇ ಮಾತು. ಅವಳು ಅಷ್ಟು ದಿನವೂ ಯಾರ್ಯಾರದ್ದೋ ಗಾಡಿ ಕೇಳಿ ಪಡೆದು, ಅವರ ಮುಖ ನೋಡಿ ನೋಡಿ ಕೆಲಸ ಸಾಗಿಸುತ್ತಿದ್ದಳು. ಮಕ್ಕಳ ಮನೆಯವರು ಬೇರೆ ಗಾಡಿ ನೋಡಿಕೊಳ್ಳುತ್ತೇವೆ ಎಂದು ಗೊಣಗಲು ಶುರುಮಾಡಿದ್ದರು.

ಒಂದು ಸಂಜೆ ಅವಳ ಫೋನ್ ಬಂತು. ದನಿಯಲ್ಲಿ ಎಷ್ಟೋ ದಿನದಿಂದ ಕೇಳದ ಗೆಲುವು.

"ಅತ್ತಿಗೆ, ಕೊನೆಗೂ ಸಿಕ್ತು ಕಣ್ರೀ! ಬೆಣ್ಣೆಯ ಅಂಗಳದಲ್ಲಿ. ಒಳಗೆಲ್ಲ ಫಳಫಳ ಅಂತಿದೆ. ಅಣ್ಣ ಎಲ್ಲಾ ನೋಡಿ ಚೆನ್ನಾಗಿದೆ ಬಿಡು ಅಂದ. ನಾಳೆ ಬೆಳಗ್ಗೆ ಹೋಗಿ ಕಾಗದಕ್ಕೆ ಸಹಿ ಹಾಕಿ ಕೀ ತಗೊಂಡುಬಿಡ್ತೀನಿ."

ಬೆಣ್ಣೆ ಎಂದರೆ ಹಳೆ ಕಾರು ಮಾರುವವರಲ್ಲಿ ದೊಡ್ಡವನು. ಮಾತಿನಲ್ಲಿ ಬೆಣ್ಣೆ ಹಚ್ಚಿ ಹಚ್ಚಿಯೇ ಆ ಹೆಸರು ಸಂಪಾದಿಸಿದ್ದಾನೆ. ನಾನು ಆಗಲಿ ಎಂದು ಫೋನ್ ಇಟ್ಟೆ. ಆದರೆ ಇವರು ಗಾಡಿಯ ವಿಷಯದಲ್ಲಿ ‘ಚೆನ್ನಾಗಿದೆ’ ಎಂಬ ಮಾತನ್ನು ಬಳಸಿದ್ದನ್ನು ನಾನು ಕೇಳಿಯೇ ಇಲ್ಲ.

ಅವರು ಬಂದರು, ಕುರ್ಚಿಯಲ್ಲಿ ಕೂತರು, ಜೇಬಿನಿಂದ ಬಟ್ಟೆ ತೆಗೆದು ಮೇಜಿನ ಮೇಲಿಟ್ಟರು. ನಾನು ಬಿಡಿಸಿ ನೋಡಿದೆ. ನಡುವೆ ಒಂದು ಹನಿ ಹರಡಿತ್ತು, ತಿಳಿ ಜೇನಿನ ಬಣ್ಣ, ಕಪ್ಪಿನ ಚುಕ್ಕೆಯೂ ಇಲ್ಲ.

"ಹೊಸ ಎಣ್ಣೆ" ಎಂದೆ.

"ಹೂಂ."

"ತಂಗಿ ಫೋನ್ ಮಾಡಿದ್ಲು. ಚೆನ್ನಾಗಿದೆ ಬಿಡು ಅಂದ್ರಂತೆ."

"ಹೂಂ."

"ಯಾವ ಬಿಡು?"

ಯಾವಾಗಲೂ ನಗುತ್ತ ಕೇಳುವ ಮಾತು. ಅವತ್ತು ನಾನೂ ನಗಲಿಲ್ಲ, ಅವರೂ ನಗಲಿಲ್ಲ. ಬೀದಿಯಲ್ಲಿ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಅವರು ಅದನ್ನೇ ಕೇಳುತ್ತ ಕೂತಿದ್ದರು.

"ಗೊತ್ತಿಲ್ಲ ಕಣೇ" ಎಂದರು ಕೊನೆಗೆ. "ಆಯಿಲ್ ಈಗ ತಾನೇ ಹಾಕಿದ್ದು. ಮುಚ್ಚಳ ಉಜ್ಜಿ ತೊಳೆದಿಟ್ಟಿದ್ದಾನೆ. ಕಣ್ಣಿಗೆ ಏನೂ ಕಾಣ್ಲಿಲ್ಲ, ಬೆರಳಿಗೆ ಏನೂ ಸಿಗ್ಲಿಲ್ಲ. ಮೂಗು..." ಎಂದು ಕೈ ಆಡಿಸಿದರು. "ಬೇಡ ಅನ್ನೋಣ ಅಂತಲೇ ಬಾಯಿ ತೆಗೆದೆ. ಅವಳು ನನ್ನ ಮುಖಾನೇ ನೋಡ್ತಾ ಇದ್ಲು. ಇದೂ ಬೇಡ ಅಂದ್ರೆ ನಾನು ಎಲ್ಲಿಗೆ ಹೋಗ್ಲಿ ಅಣ್ಣ ಅಂದ್ಲು. ಏನೋ ಒಂದು ಬಾಯಿಗೆ ಬಂತು. ಅವಳಿಗೆ ಬೇಕಾದ್ದು ಅವಳು ಕೇಳಿಸ್ಕೊಂಡ್ಲು."

ಎರಡು ಅರ್ಥದ ಮಾತಿನ ನಡುವೆ ಅಡಗಿ ಕೂತಿದ್ದರು, ನನ್ನ ಕಡ್ಡಿ ಮುರಿದಂತೆ ಮಾತಾಡುವ ಗಂಡ. ನನಗೆ ಸಿಟ್ಟು ಬಂತು. ಅವರ ಮೇಲೂ ಬಂತು, ಆ ಜ್ವರದ ಮೇಲೂ ಬಂತು, ಫಳಫಳ ಎನ್ನುವ ಆ ಕಾರಿನ ಮೇಲೂ ಬಂತು.

"ಅದ್ರಲ್ಲಿ ಕೂರೋದು ಮಕ್ಕಳು" ಎಂದೆ.

"ಗೊತ್ತು."

"ಹಾಗಾದ್ರೆ ಬೆಳಗ್ಗೆ ಅವಳು ಹೋಗೋ ಮೊದ್ಲು ನಾವು ಹೋಗೋಣ."

"ಹೋಗಿ ಏನು ಹೇಳ್ಲಿ? ನನಗೆ ಮೂಗಿಲ್ಲ ಅಂತಲಾ? ಅಲ್ಲಿಗೆ ಮುಗೀತು. ನಾಳೆಯಿಂದ ಯಾರು ಕರೀತಾರೆ?"

ನಾನು ಎದ್ದು ಅಡುಗೆಮನೆಗೆ ಹೋದೆ.

ಬೆಳಗ್ಗೆ ನಾನು ಏಳುವ ಹೊತ್ತಿಗೆ ಅವರು ಶರ್ಟು ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದರು. "ನೀನೂ ಬಾ" ಎಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕೆಲಸದ ಜಾಗಕ್ಕೆ ಕರೆದದ್ದು ಅದೇ ಮೊದಲು.

ಬೆಣ್ಣೆಯ ಅಂಗಳದಲ್ಲಿ ಕಾರುಗಳನ್ನು ಆಗಲೇ ತೊಳೆದು ಸಾಲಾಗಿ ನಿಲ್ಲಿಸಿದ್ದರು. ನಾದಿನಿ ನಮಗಿಂತ ಮುಂಚೆ ಬಂದು ಆಫೀಸಿನ ಒಳಗೆ ಕೂತಿದ್ದಳು. ನಮ್ಮನ್ನು ಕಂಡು ಖುಷಿಯಿಂದ ಎದ್ದು ಬಂದಳು. ಬೆಣ್ಣೆಯೂ ಎದ್ದು ಬಂದ.

"ಬನ್ನಿ ಬನ್ನಿ ಕಡ್ಡಿಯವ್ರೇ! ಮೇಡಂ ಕೂಡ ಬಂದಿದ್ದಾರೆ! ನಮ್ಮ ಭಾಗ್ಯ! ಟೀ ತರಿಸ್ಲಾ?"

"ಟೀ ಬೇಡ. ಗಾಡಿ ಸ್ಟಾರ್ಟ್ ಮಾಡಿ, ಬಿಸಿಯಾಗಲಿ" ಎಂದರು ಇವರು.

"ನಿನ್ನೆ ನೋಡಿ ಚೆನ್ನಾಗಿದೆ ಅಂದಿದ್ರಲ್ಲ ಸಾರ್?"

"ನಿನ್ನೆ ನಾನು ನೋಡಿದ್ದು ಅರ್ಧ."

ಎಂಜಿನ್ ಓಡಿತು. ಸದ್ದು ಮೆತ್ತಗೇ ಇತ್ತು. ಇವರು ಬಾನೆಟ್ ಎತ್ತಿ ಬಗ್ಗಿ ನಿಂತರು, ಒಂದು ಕೈ ಸೊಂಟದ ಮೇಲೆ. ಬಿಸಿಯಾದ ಮೇಲೆ ನಿಲ್ಲಿಸಲು ಹೇಳಿದರು. ಕಡ್ಡಿ ಎಳೆದು, ಒರೆಸಿ, ಮತ್ತೆ ಬಿಟ್ಟು, ಮತ್ತೆ ಎಳೆದರು. ಅದನ್ನು ತಮ್ಮ ಮೂಗಿನ ಹತ್ತಿರ ತರಲಿಲ್ಲ. ತಂಗಿಯ ಕಡೆ ತಿರುಗಿದರು.

"ನನಗೆ ವಾಸನೆ ಗೊತ್ತಾಗಲ್ಲ ಕಣಮ್ಮ. ಜ್ವರ ಬಂದಾಗಿನಿಂದ ಮೂಗು ಸತ್ತುಹೋಗಿದೆ. ನಿನ್ನೆ ಹೇಳಿದ ಮಾತಿಗೆ ಅರ್ಥ ಇಲ್ಲ. ನಿಮ್ಮತ್ತಿಗೆ ನೋಡ್ತಾಳೆ."

ಎಲ್ಲರೆದುರು, ಅಷ್ಟೇ ಮಾತು. ಅಂಗಳದಲ್ಲಿ ಕಾರು ಒರೆಸುತ್ತಿದ್ದವರ ಕೈ ನಿಂತವು. ನನಗಂತೂ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು. ಅವರು ಬಂದು ಒಪ್ಪಿಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ನಿಂತಿರಬೇಕು ಎಂದಷ್ಟೇ ಅಂದುಕೊಂಡು ಬಂದವಳು ನಾನು. ಕಂಡವರ ಕಾರಿಗೆ ಮೂಗು ತೂರಿಸುವುದು ನನ್ನ ಕೆಲಸವೇ?

ಕಡ್ಡಿ ನನ್ನ ಕೈಗೆ ಬಂತು. ಮೂಸಿದೆ. ಹೊಸ ಎಣ್ಣೆಯ ವಾಸನೆ, ಬೇರೇನೂ ಇಲ್ಲ. ತಲೆ ಅಲ್ಲಾಡಿಸಿದೆ. ಅವರು ಎಣ್ಣೆ ಹುಯ್ಯುವ ಬಾಯಿಯ ಮುಚ್ಚಳವನ್ನು ಬಟ್ಟೆ ಹಿಡಿದು ತಿರುಗಿಸಿ ತೆಗೆದರು. "ಇಲ್ಲಿ. ನಿಧಾನಕ್ಕೆ. ಮೊದಲನೇ ಉಸಿರು ಬಿಟ್ಟುಬಿಡು, ಎರಡನೇದು ನೋಡು."

ಬಗ್ಗಿದೆ. ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಮೊದಲು ಅದೇ ಹೊಸ ಎಣ್ಣೆ. ಎರಡನೇ ಉಸಿರಿಗೆ ಅದರ ಕೆಳಗೆ ಇನ್ನೇನೋ ಇತ್ತು. ಮತ್ತೆ ಬಗ್ಗಿದೆ. ಹೌದೋ ಅಲ್ಲವೋ? ತಪ್ಪಾಗಿ ಹೇಳಿದರೆ ನಾದಿನಿಗೆ ಸಿಕ್ಕ ಗಾಡಿಯನ್ನು ನಾನೇ ಕಿತ್ತುಕೊಂಡ ಹಾಗೆ. ಹೇಳದೆ ಹೋದರೆ ಅದರಲ್ಲಿ ಕೂರುವುದು ಮಕ್ಕಳು.

"ಹೆದರ್ಬೇಡ. ನಿನಗೆ ಏನು ನೆನಪಾಗುತ್ತೆ ಅದನ್ನ ಹೇಳು" ಎಂದರು ಇವರು.

"ಆವತ್ತು ಹಾಲು ಸೀದ ಪಾತ್ರೆ ಇತ್ತಲ್ಲ ರೀ" ಎಂದೆ. "ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ಮಾರನೇ ದಿನ ಹೊಸ ಹಾಲು ಕಾಯಿಸಿದ್ದೆ. ನೀವು ಸುಮ್ನೆ ಕುಡಿದ್ರಿ. ನಾನು ಬಾಯಿಗೆ ಇಡಕ್ಕಾಗ್ದೆ ಚೆಲ್ಲಿದ್ದೆ. ಅದೇ ಥರ ಇದೆ."

ಅವರು ಕಣ್ಣು ಮುಚ್ಚಿದರು. ತಾವೇ ಮೂಸಿದಾಗ ಮುಚ್ಚುತ್ತಿದ್ದ ಹಾಗೆಯೇ.

"ಒಳಗೆ ಸುಟ್ಟಿದೆ" ಎಂದರು. "ನೀರಿಲ್ಲದೆ ಓಡಿಸಿ ಎಂಜಿನ್ ಕಾದಿದೆ. ಆಮೇಲೆ ಆಯಿಲ್ ಬದಲಾಯಿಸಿ ನಿಲ್ಲಿಸಿದ್ದಾರೆ." ತಂಗಿಯ ಕಡೆ ನೋಡಿದರು. "ಬಿಡು."

ಅವಳ ಬಾಯಿಂದ ಅಭ್ಯಾಸಬಲದಿಂದ ಬಂದೇಬಿಟ್ಟಿತು. "ಯಾವ ಬಿಡು ಅಣ್ಣ?"

"ಬೇಡ ಅನ್ನೋ ಬಿಡು."

ಬೆಣ್ಣೆಗೆ ಮಾತಿನ ಬೆಣ್ಣೆ ಇನ್ನೂ ಮುಗಿದಿರಲಿಲ್ಲ. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ವಾಸನೆ ಇರಲ್ವಾ ಮೇಡಂ, ವಯಸ್ಸಾದ್ರೆ ನಾವೂ ಹಾಗೇ" ಎಂದು ನಕ್ಕ. ಆಮೇಲೆ ಇವರ ಭುಜದ ಮೇಲೆ ಕೈ ಇಟ್ಟು ಮೃದುವಾಗಿ ಹೇಳಿದ. "ಪಾಪ, ನಿಮ್ಮ ಮೂಗಿನ ವಿಷಯ ನಮಗೆ ಗೊತ್ತೇ ಇರ್ಲಿಲ್ಲ ಸಾರ್. ಎಷ್ಟು ದಿನ ಅಂತ ದುಡೀತೀರಿ, ಇನ್ಮೇಲೆ ಮನೇಲಿ ಆರಾಮಾಗಿರಿ." ಆ ಕೈಯನ್ನು ಕಿತ್ತು ಬಿಸಾಡಬೇಕು ಎನಿಸಿತು ನನಗೆ. ಇವರು ಮುಚ್ಚಳ ತಿರುಗಿಸಿ ಭದ್ರ ಮಾಡಿ, ಕಡ್ಡಿಯನ್ನು ಅದರ ಜಾಗಕ್ಕೆ ಇಳಿಸಿ, ಬಾನೆಟ್ ಮೆಲ್ಲಗೆ ಮುಚ್ಚಿದರು.

ಗೇಟಿನ ಹೊರಗೆ ನಾದಿನಿ ಗೋಡೆಗೆ ಒರಗಿ ಅತ್ತಳು. ಕಾರಿಗಾಗಿ ಅಳುತ್ತಿದ್ದಾಳೆ ಎಂದುಕೊಂಡೆ. "ನನಗಾದ್ರೂ ಹೇಳ್ಬಾರ್ದಿತ್ತಾ ಅಣ್ಣ?" ಎಂದಳು. ಇವರು ಅವಳ ತಲೆ ಸವರಿ, ಇನ್ನೊಂದು ನೋಡೋಣ, ನಿಮ್ಮತ್ತಿಗೆ ಇದ್ದಾಳಲ್ಲ ಎಂದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವಳು ಕಣ್ಣೊರೆಸಿಕೊಂಡು, ಮಕ್ಕಳ ಶಾಲೆಯ ಹೊತ್ತಾಯಿತೆಂದು ಎರವಲು ಗಾಡಿ ಕೇಳಲು ಓಡಿದಳು.

ಬೆಣ್ಣೆ ಸುಮ್ಮನಿರುವ ಜಾತಿಯಲ್ಲ. ಮಧ್ಯಾಹ್ನದೊಳಗೆ ಎಲ್ಲ ಅಂಗಳಗಳಿಗೂ ಸುದ್ದಿ ಮುಟ್ಟಿತ್ತು. ಇವರು ನೋಡಲು ಬರುತ್ತೇನೆಂದು ಒಪ್ಪಿಕೊಂಡಿದ್ದ ಕಡೆಯವರು ಫೋನ್ ಮಾಡಿ, ಪರವಾಗಿಲ್ಲ ಬಿಡಿ ಎಂದರು. ಆಮೇಲೆ ಫೋನೇ ಬರಲಿಲ್ಲ. ಇವರು ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಈ ಸಲ ಚಪ್ಪಲಿ ಮಾತ್ರ ಬಾಗಿಲಲ್ಲೇ ಬಿಚ್ಚಿಟ್ಟಿದ್ದರು.

ಸಂಜೆ ಒಗೆಯುವ ಬಟ್ಟೆ ಕೂಡಿಸುತ್ತ ಅವರ ಶರ್ಟನ್ನೂ ಮೊಳೆಯಿಂದ ಎಳೆದುಕೊಂಡೆ.

"ಇನ್ನೂ ಹೊಡೆಯುತ್ತಾ ಅದು?" ಎಂದು ಕೇಳಿದರು.

"ಏನು?"

"ಆಯಿಲ್ ವಾಸನೆ. ನೀನು ಯಾವಾಗ್ಲೂ ಮೂಗು ಮುರೀತಿದ್ದೆಯಲ್ಲ. ನನಗಂತೂ ಈಗ ಗೊತ್ತಾಗಲ್ಲ."

ಶರ್ಟನ್ನು ಮುಖಕ್ಕೆ ಹಿಡಿದೆ. ಬೆಳಗಿನಂತೆ ಎರಡನೇ ಉಸಿರಿಗೆ ಕಾಯಬೇಕಾಗಲಿಲ್ಲ.

"ಹೊಡೆಯುತ್ತೆ" ಎಂದೆ.

"ಸದ್ಯ" ಎಂದರು. ಆಮೇಲೆ "ಹೇಗೆ ಸಹಿಸ್ಕೊಂಡ್ಯೇ ಇಷ್ಟು ವರ್ಷ?" ಎಂದರು.

"ಅಭ್ಯಾಸ ಆಗಿದೆ. ಬಿಡಿ" ಎಂದೆ.

ಅವರು ಬೀದಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ದಣಿದ ಮುಖದಲ್ಲಿ ಕಂಡೂ ಕಾಣದಷ್ಟು ನಗು.

"ಯಾವ ಬಿಡಿ?"

ನನ್ನ ಕಿವಿ ಬಿಸಿಯಾಯಿತು, ಈ ವಯಸ್ಸಿನಲ್ಲಿ. ಶರ್ಟನ್ನು ಒಗೆಯಲು ಹಾಕದೆ ಮತ್ತೆ ಮೊಳೆಗೆ ತೂಗುಹಾಕಿದೆ.